ಹುಳ ಕಾಣುವ ಮೊದಲೇ ರಾತ್ರಿ ಗಾಳಿ ನೋಡಿ

ಗೋವಿನಜೋಳದ ಸುಳಿಯಲ್ಲಿ ಫಾಲ್ ಸೈನಿಕ ಹುಳುವಿನ ಹಿಕ್ಕೆ ತುಂಬಿದ ಮೇಲೆ ಎಣ್ಣೆ ಹೊಡೆದರೆ ದುಡ್ಡು ದಂಡ. ದೊಡ್ಡ ಹುಳ ಒಳಗೆ ಅಡಗಿರುತ್ತದೆ, ಔಷಧಿ ಅದಕ್ಕೆ ಮುಟ್ಟುವುದೇ ಇಲ್ಲ. ಲೆಕ್ಕ ಶುರು ಮಾಡಬೇಕಾದದ್ದು ಪತಂಗ ಬಂದ ದಿನದಿಂದ.

ಈ ಹುಳು ಮೂಲದಲ್ಲಿ ಅಮೆರಿಕ ಖಂಡಗಳದ್ದು. ಭಾರತದಲ್ಲಿ ಮೊದಲು ಸಿಕ್ಕಿದ್ದು 2018ರಲ್ಲಿ, ಹಾವೇರಿಗೆ ಹತ್ತಿರದ ಶಿವಮೊಗ್ಗದಲ್ಲೇ. ಇದರ ಪತಂಗ ಕತ್ತಲಾದ ಮೇಲೆ ನೂರಾರು ಮೀಟರ್ ಮೇಲೇರುತ್ತದೆ, ಅಲ್ಲಿ ರಾತ್ರಿ ಗಾಳಿ ನೆಲದ ಹತ್ತಿರಕ್ಕಿಂತ ಜೋರಾಗಿರುತ್ತದೆ, ಆ ಗಾಳಿ ಹಿಡಿದು ಒಂದೇ ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ಹೋಗಬಲ್ಲದು. ನಡುವೆ ಮಳೆ ಸಿಕ್ಕರೆ ಅಲ್ಲೇ ಇಳಿಯುತ್ತದೆ. ಮಳೆ ಬಂದ ಮರುದಿನ ಹೊಲದಲ್ಲಿ ಕಟ್ಟಿದ ಪತಂಗದ ಬಲೆಯಲ್ಲಿ ಪತಂಗ ಜಾಸ್ತಿ ಬೀಳುವುದಕ್ಕೆ ಇದೂ ಒಂದು ಕಾರಣ.

ಸಂಜೆ ಫೋನಿನಲ್ಲಿ ಗಾಳಿ ತೋರಿಸುವ ವಿಂಡಿ ಆ್ಯಪ್ ತೆರೆದು ರಾತ್ರಿ ಹತ್ತರ ಗಾಳಿ ನೋಡಿ. ಎತ್ತರ ಆರಿಸುವಾಗ ಹುಷಾರು! ಅದರಲ್ಲಿರುವುದು ಸಮುದ್ರ ಮಟ್ಟದಿಂದ ಲೆಕ್ಕ, ಹುಬ್ಬಳ್ಳಿಯೇ 600 ಮೀಟರ್ ಮೇಲಿದೆ. 600 ಮೀಟರ್ ಆರಿಸಿದರೆ ನೆಲದೊಳಗಿನ ಗಾಳಿ ನೋಡಿದಂತೆ, ಅಲ್ವಾ? 900 ಮೀಟರ್ ಇಟ್ಟುಕೊಳ್ಳಿ. ಗಾಳಿ ಬರುವ ಕಡೆಯ ಊರುಗಳಲ್ಲಿ ಗೋವಿನಜೋಳ ಬಲಿತು ಒಣಗುತ್ತಿದ್ದು, ನಿಮ್ಮದು ಇನ್ನೂ ಎಳೆಯದಾಗಿದ್ದರೆ ಎಚ್ಚರದಿಂದಿರಿ, ಅಲ್ಲಿನ ಪತಂಗ ನಿಮ್ಮ ಕಡೆ ಬರಬಹುದು. ಮುಂಗಾರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಹಿಂಗಾರಿನಲ್ಲಿ ಮೂಡಲಿಂದ. ಗದಗ, ರೋಣದ ಕಡಲೆಯವರು ಕಾಯಿಕೊರಕಕ್ಕೂ ಹೀಗೇ ಗಾಳಿ ನೋಡಬಹುದು, ಬಲೆಯ ಲ್ಯೂರ್ (ಗಂಡು ಪತಂಗವನ್ನು ಸೆಳೆಯುವ ವಾಸನೆಯ ಗುಳಿಗೆ) ಮಾತ್ರ ಬೇರೆ.

ಎಕರೆಗೆ ಎರಡು ಮೋಹಕ ಬಲೆ ಸಾಕು. ಬೆಳೆಗಿಂತ ಸ್ವಲ್ಪ ಮೇಲೆ ಕಟ್ಟಿ, ಬೆಳೆ ಎದ್ದಂತೆ ಬಲೆಯನ್ನೂ ಏರಿಸಿ. ದಿನಾ ಬೆಳಿಗ್ಗೆ ಎಣಿಸಿ ಖಾಲಿ ಮಾಡಿ, ಬರೆದಿಡಿ. ಬೀಳುವುದು ಬರೀ ಗಂಡು, ಆದರೂ ಸಂಖ್ಯೆ ಒಮ್ಮೆಲೇ ಏರಿತೆಂದರೆ ಹೆಣ್ಣೂ ಬಂದಿದೆ ಅಂತ ತಿಳಿದುಕೊಳ್ಳಿ. ಬೆಚ್ಚಗಿದ್ದರೆ ಮೊಟ್ಟೆ ಎರಡು ಮೂರು ದಿನಕ್ಕೇ ಒಡೆಯುತ್ತದೆ. ಹಾಗಾಗಿ ನಾಲ್ಕನೇ ದಿನದಿಂದ ಹೊಲದ ಐದು ಕಡೆ ನಿಂತು ಎಲೆ ನೋಡಿ. ಹಸಿರು ಕೆರೆದು ಬಿಳಿ ಪರೆ ಉಳಿದಿದ್ದರೆ ಮರಿಹುಳ ಇದೆ ಅಂತಲೇ ಅರ್ಥ. ಜೋರು ಮಳೆ ಬಿದ್ದಿದ್ದರೆ ಸುಮ್ನೆ ಒಂದು ದಿನ ತಡೆದು ಮತ್ತೆ ನೋಡಿ, ಎಷ್ಟೋ ಮರಿಗಳು ಕೊಚ್ಚಿ ಹೋಗಿರುತ್ತವೆ. ಮಳೆ ಕೈಕೊಟ್ಟು ಒಣ ಹವೆ ಮುಂದುವರಿದರೆ ಕಾಯಬೇಡಿ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಕೀಟನಾಶಕ ಲೀಟರ್ ನೀರಿಗೆ 0.4 ಗ್ರಾಂ ಬೆರೆಸಿ, ಸಂಜೆ, ಸುಳಿಯೊಳಗೆ ಬೀಳುವಂತೆ ಹೊಡೆಯಿರಿ.

ಜಿಟಿಜಿಟಿ ಮಳೆ, ತಂಪು ಇದ್ದಾಗ ಇನ್ನೊಂದು ಗಮನಿಸಿ. ಹುಳಗಳು ಬೆಳ್ಳಗಾಗಿ ಸೆಟೆದು, ಆಮೇಲೆ ಹಸಿರು ಪುಡಿ ಮೆತ್ತಿದಂತೆ ಸತ್ತಿದ್ದರೆ ಅದು ಮೆಟಾರೈಜಿಯಮ್ ರಿಲೇಯಿ ಎಂಬ ಶಿಲೀಂಧ್ರದ ಕೆಲಸ. ಧಾರವಾಡದ ಕಡೆ ಸೋಯಾಬೀನ್ ಹೊಲದಲ್ಲೂ ಇದು ಕಾಣುತ್ತದೆ. ಅಂಥ ಹುಳ ತುಂಬಾ ಕಂಡರೆ ಆ ವಾರ ಔಷಧಿ ಹೊಡೆಯುವ ಪಂಪು ಮನೆಯಲ್ಲೇ ಇರಲಿ.