ಚಳಿಗಾಲದ ಬೇಟೆಗೆ ಉಣ್ಣೆಯ ಉಡುಪು: ನನ್ನ ಅನುಭವ

ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗತೊಡಗಿದ ಮೊದಲ ಚಳಿಗಾಲದಲ್ಲಿ ನಾನು ಹತ್ತಿಯ ಒಳಂಗಿ, ಅದರ ಮೇಲೆ ಹತ್ತಿಯದೇ ದಪ್ಪ ಅಂಗಿ, ಎಲ್ಲಕ್ಕೂ ಮೇಲೆ ನೈಲಾನ್ ಹೊದಿಕೆಯ ಉಬ್ಬಿದ ಜಾಕೆಟ್ ತೊಡುತ್ತಿದ್ದೆ. ಒಂದು ದಿನ ಬೆಳಕು ಹರಿಯುವ ಮುನ್ನವೇ ಹೊರಟು, ಹಿಮ ತುಳಿಯುತ್ತ ಮುಕ್ಕಾಲು ಗಂಟೆ ಏರು ಹತ್ತಿ, ಬೆವರಿದ ಮೈಯಲ್ಲೇ ಉರುಳಿಬಿದ್ದ ಮರವೊಂದರ ಮರೆಯಲ್ಲಿ ಹೊಂಚು ಕುಳಿತೆ. ಸೊನ್ನೆಗಿಂತ 8 ಡಿಗ್ರಿ ಕೆಳಗಿನ ಚಳಿಯಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬೆನ್ನಿಗಂಟಿದ ಒದ್ದೆ ಬಟ್ಟೆ ಮಂಜುಗಡ್ಡೆಯಂತೆ ತಣ್ಣಗಾಗಿ ಹಲ್ಲು ಕಟಕಟಿಸತೊಡಗಿತು. ಕೊನೆಗೆ ಜಿಂಕೆ ಬಂದಾಗ ತೋಳೆತ್ತಿದ ಕೂಡಲೇ ನೈಲಾನ್ ಸರಕ್ಕೆಂದಿತು, ಅದು ತಲೆಯೆತ್ತಿ ನನ್ನತ್ತಲೇ ನೋಡಿತು, ಬಂದೂಕಿನ ನಳಿಗೆ ನಿಲ್ಲದೆ ನಡುಗುತ್ತಿತ್ತು. ಅಂಥ ಕೈಯಿಂದ ಈಡು ಹೊಡೆದರೆ ಪ್ರಾಣಿ ಗಾಯಗೊಂಡು ಎಲ್ಲೋ ಹೋಗಿ ನರಳಿ ಸಾಯುತ್ತದೆ ಎಂಬುದು ಆ ಗಳಿಗೆಯಲ್ಲೂ ನನಗೆ ಸ್ಪಷ್ಟವಿತ್ತು. ಬಂದೂಕು ಇಳಿಸಿ ಮನೆಗೆ ಮರಳಿದೆ.

ನನಗೆ ಬೇಟೆ ಕಲಿಸಿದ ಹಿರಿಯರು ಆಗಲೇ ಮೂವತ್ತು ವರ್ಷಗಳಿಂದ ಒಂದೇ ಉಣ್ಣೆಯ ಕೋಟಿನಲ್ಲಿ ಕಾಡಿಗೆ ಹೋಗುತ್ತಿದ್ದವರು. ನನ್ನ ಕಥೆ ಕೇಳಿ ಅವರು ಜಾಕೆಟ್ಟಿನ ಬಗ್ಗೆ ಏನೂ ಹೇಳದೆ, "ಏರು ಹತ್ತುವಾಗ ನೀವು ಏನು ತೊಟ್ಟಿದ್ದಿರಿ?" ಎಂದಷ್ಟೇ ಕೇಳಿದರು. ಎಲ್ಲವನ್ನೂ ತೊಟ್ಟೇ ಹತ್ತಿದ್ದೆ. ಚಳಿಗಾಲದ ಬೇಟೆಯಲ್ಲಿ ಮೈಯನ್ನು ಕೆಡಿಸುವುದು ಚಳಿಗಿಂತ ಮೊದಲು ಬೆವರು ಎಂಬುದನ್ನು ನಾನು ಕಲಿತದ್ದು ಆ ಪ್ರಶ್ನೆಯಿಂದ.

ಬೇಟೆಗಾರನ ದಿನದಲ್ಲಿ ಎರಡು ವಿರುದ್ಧ ಕೆಲಸಗಳಿವೆ: ಭಾರ ಹೊತ್ತು ನಡೆಯುವುದು, ಆಮೇಲೆ ಗಂಟೆಗಟ್ಟಲೆ ಅಲುಗಾಡದೆ ಕೂರುವುದು. ನಡೆಯುವಾಗ ಮೈ ಕಾದು ಬಂದ ಬೆವರನ್ನೇ ಕುಳಿತಾಗ ತೊಟ್ಟುಕೊಂಡಿರಬೇಕಾಗುತ್ತದೆ. ಉಣ್ಣೆಯ ಎಳೆ ತನ್ನ ಒಣ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಆವಿಯ ರೂಪದಲ್ಲಿ ತನ್ನೊಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ, ಏಕೆಂದರೆ ಎಳೆಯ ಒಡಲು ತೇವವನ್ನು ಹೀರಿದರೂ ಅದರ ಹೊರಮೈಯ ಹುರುಪೆಗಳ ಮೇಲಿರುವ ಜಿಡ್ಡಿನ ತೆಳುಪೊರೆ ನೀರನ್ನು ದೂರವಿಡುತ್ತದೆ. 65 ಪ್ರತಿಶತ ಆರ್ದ್ರತೆಯ ಗಾಳಿಯಲ್ಲಿ ಉಣ್ಣೆ ತನ್ನ ತೂಕದ ಸುಮಾರು 16 ಪ್ರತಿಶತ ತೇವವನ್ನು ಹಿಡಿದುಕೊಂಡಿರುತ್ತದೆ. ಹತ್ತಿ ಸುಮಾರು 8, ಪಾಲಿಯೆಸ್ಟರ್ ಅರ್ಧ ಪ್ರತಿಶತಕ್ಕೂ ಕಡಿಮೆ. ಹತ್ತಿ ಒದ್ದೆಯಾದರೆ ಮೆತ್ತಗಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಉಣ್ಣೆಯ ಗುಂಗುರು ಎಳೆಗಳು ಮಾತ್ರ ನಡುನಡುವೆ ಗಾಳಿಯನ್ನು ಹಿಡಿದಿಟ್ಟು ಬಟ್ಟೆಯನ್ನು ಮೈಯಿಂದ ತುಸು ಎತ್ತಿ ನಿಲ್ಲಿಸುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒದ್ದೆ ಉಣ್ಣೆ ಒಣ ಉಣ್ಣೆಯಷ್ಟು ಬೆಚ್ಚಗೆ ಎಂದೂ ಇರುವುದಿಲ್ಲ. ಒದ್ದೆ ಹತ್ತಿಗಿಂತ ಎಷ್ಟೋ ಮೇಲು, ಅಷ್ಟೇ. ತೇವ ಹೀರುವಾಗ ಉಣ್ಣೆ ಶಾಖ ಬಿಡುತ್ತದೆ ಎಂಬುದು ನಿಜ, ಆದರೆ ಅದು ದಿನವಿಡೀ ಉರಿಯುವ ಒಲೆಯಲ್ಲ. ನನ್ನ ಅನುಭವದಲ್ಲಿ ಉಣ್ಣೆಯ ನಿಜವಾದ ಗುಣ ಅದರ ನಿಧಾನ. ಅದು ನಿಧಾನವಾಗಿ ತೇವಗೊಳ್ಳುತ್ತದೆ, ನಿಧಾನವಾಗಿ ತಣ್ಣಗಾಗುತ್ತದೆ, ಹಾಗೆಯೇ ನಿಧಾನವಾಗಿ ಒಣಗುತ್ತದೆ. ಈ ನಿಧಾನಕ್ಕೆ ನಮ್ಮ ನಡೆಯನ್ನು ಹೊಂದಿಸಿಕೊಳ್ಳದಿದ್ದರೆ ಅತ್ಯುತ್ತಮ ಕೋಟು ಕೂಡ ಹೆಗಲಿನ ಭಾರವಾಗಿ ಉಳಿಯುತ್ತದೆ.

ಈಗ ನಾನು ಮೈಗೆ ತಗುಲುವ ಪದರಕ್ಕೆ 18 ಮೈಕ್ರಾನಿನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಎಳೆಯ, ಮೆರಿನೋ ಕುರಿಯ ಉಣ್ಣೆಯ ಒಳಂಗಿಯನ್ನು ಮಾತ್ರ ಬಳಸುತ್ತೇನೆ. ಉಣ್ಣೆ ಚುಚ್ಚುತ್ತದೆ ಎಂದು ದೂರುವವರು ಸಾಮಾನ್ಯವಾಗಿ 30 ಮೈಕ್ರಾನಿಗಿಂತ ದಪ್ಪದ, ತುದಿ ಬಾಗದ ಎಳೆಗಳ ಬಟ್ಟೆಯನ್ನು ಬರಿಮೈಗೆ ತೊಟ್ಟವರು. ಆ ಒರಟು ಎಳೆಗೆ ಸ್ಥಾನ ಹೊರಗಡೆ. ಒಳಂಗಿಯ ಮೇಲೆ ಸಡಿಲವಾದ ಕೈಹೆಣಿಗೆಯ ಸ್ವೆಟರ್, ಅದರ ಮೇಲೆ ಬಿಸಿನೀರಿನಲ್ಲಿ ತುಳಿದು ಕುಗ್ಗಿಸಿ ನೇಯ್ಗೆಯ ಕಣ್ಣೇ ಕಾಣದಷ್ಟು ಗಟ್ಟಿಮಾಡಿದ ಬಟ್ಟೆಯ ಕೋಟು.

ಈ ಗಟ್ಟಿಬಟ್ಟೆಯ ಕೋಟಿಗೆ ದೊಡ್ಡ ಪರಂಪರೆಯಿದೆ. ಆಲ್ಪ್ಸ್ ಪರ್ವತಗಳ ಟಿರೋಲಿನಲ್ಲಿ ಲೋಡನ್ ಎಂಬ ಹೆಸರಿನಿಂದ ಕುರಿಗಾಹಿಗಳೂ ಬೇಟೆಗಾರರೂ ಇದನ್ನು ಶತಮಾನಗಳಿಂದ ತೊಡುತ್ತ ಬಂದಿದ್ದಾರೆ. 1811ರಲ್ಲಿ ಹ್ಯೂರನ್ ಸರೋವರದ ಸೇಂಟ್ ಜೋಸೆಫ್ ದ್ವೀಪದ ಬ್ರಿಟಿಷ್ ಕೋಟೆಯಲ್ಲಿ ಸೈನಿಕರಿಗೆ ಚಳಿಗಾಲದ ಕೋಟುಗಳಿಲ್ಲದಾಗ, ಅಲ್ಲಿದ್ದ ಕಂಬಳಿಗಳನ್ನೇ ಕತ್ತರಿಸಿ ಹೊಲಿಸಿದರು. ಉತ್ತರ ಅಮೆರಿಕದಲ್ಲಿ ಮ್ಯಾಕಿನಾ ಎಂದು ಕರೆಯುವ ದಪ್ಪ ಉಣ್ಣೆಯ ಗಿಡ್ಡ ಕೋಟಿನ ಮೂಲ ಅದು. ಸಿಯಾಟಲ್‌ನ ಉಡುಪು ಕಂಪನಿ ಫಿಲ್ಸನ್ 1914ರಲ್ಲಿ ಪೇಟೆಂಟ್ ಪಡೆದ ಕ್ರೂಸರ್ ಅಂಗಿ, ಕಾಡಿನಲ್ಲಿ ಮರಗಳ ಅಂದಾಜು ಹಾಕುತ್ತ ತಿರುಗುವವರಿಗಾಗಿ ಬೆನ್ನಿನಲ್ಲೊಂದು ಅಗಲವಾದ ಜೇಬನ್ನೂ ಹೊಂದಿತ್ತು. ಅದೇ ಬಗೆಯ ಜೇಬು ನನ್ನ ಕೋಟಿಗೂ ಇದೆ. ಒದ್ದೆ ನೆಲದ ಮೇಲೆ ಹಾಸಿ ಕೂರುವ ಫೆಲ್ಟಿನ (ಒತ್ತಿ ಗಟ್ಟಿಮಾಡಿದ ಉಣ್ಣೆಯ) ತುಂಡನ್ನು ಅದರಲ್ಲಿಡುತ್ತೇನೆ. ತೊಡೆ ಮತ್ತು ಸೊಂಟದ ಮೂಲಕ ನೆಲ ಎಳೆದುಕೊಳ್ಳುವ ಶಾಖವನ್ನು ಯಾವ ಕೋಟೂ ತಡೆಯಲಾರದು, ಆ ತುಂಡು ತಡೆಯುತ್ತದೆ.

ಹೊರಡುವಾಗ ಚಳಿಯೆನಿಸಲೇಬೇಕು ಎಂಬುದು ನಾನು ಪಾಲಿಸುವ ಮೊದಲ ನಿಯಮ. ಕೋಟನ್ನು ಚೀಲಕ್ಕೆ ಬಿಗಿದು, ಟೋಪಿಯನ್ನು ಜೇಬಿಗೆ ಹಾಕಿ, ಒಳಂಗಿ ಮತ್ತು ಗುಂಡಿ ಬಿಚ್ಚಿದ ಸ್ವೆಟರಿನಲ್ಲೇ ಏರು ಹತ್ತುತ್ತೇನೆ. ಹಣೆಯಲ್ಲಿ ಬೆವರು ಕಂಡರೆ ನಡಿಗೆಯನ್ನೇ ಇಳಿಸುತ್ತೇನೆ. ಅದಕ್ಕಾಗಿ ಮನೆಯಿಂದ ಇಪ್ಪತ್ತು ನಿಮಿಷ ಮೊದಲೇ ಹೊರಡುತ್ತೇನೆ. ಹೊಂಚಿನ ಜಾಗ ನೂರು ಹೆಜ್ಜೆ ಇರುವಾಗ ನಿಂತು, ಕತ್ತಿನ ಗುಂಡಿ ಬಿಚ್ಚಿ, ಮೈಯ ಹಬೆಯೆಲ್ಲ ಹೊರಗೆ ಹೋಗುವವರೆಗೆ ಏಳೆಂಟು ನಿಮಿಷ ಕಾಯುತ್ತೇನೆ. ಚಳಿ ಚರ್ಮಕ್ಕೆ ಮುಟ್ಟತೊಡಗಿತು ಎನ್ನುವ ಗಳಿಗೆಗೆ ಸರಿಯಾಗಿ ಕೋಟು ತೊಟ್ಟು ಟೋಪಿ ಹಾಕುತ್ತೇನೆ. ಆ ಗಳಿಗೆಯನ್ನು ಗುರುತಿಸಲು ನನಗೆ ಎರಡು ಚಳಿಗಾಲ ಬೇಕಾಯಿತು. ಬೇಗ ತೊಟ್ಟರೆ ಹಬೆ ಒಳಗೇ ಉಳಿಯುತ್ತದೆ, ತಡಮಾಡಿದರೆ ತಣ್ಣಗಾದ ಮೈಯನ್ನು ಮತ್ತೆ ಬೆಚ್ಚಗಾಗಿಸಲು ಕೂತ ಮೈಯಲ್ಲಿ ಶಾಖ ಹುಟ್ಟುವುದಿಲ್ಲ.

ಮೂರನೆಯ ಚಳಿಗಾಲದಲ್ಲಿ, ಮೊದಲ ವರ್ಷ ನಡುಗಿದ್ದ ಅದೇ ಮರದ ಮರೆಯಲ್ಲಿ, ಸೊನ್ನೆಗಿಂತ 11 ಡಿಗ್ರಿ ಕೆಳಗಿನ ಚಳಿಯಲ್ಲಿ ನಾಲ್ಕೂವರೆ ಗಂಟೆ ಕುಳಿತೆ. ಹುಡಿಹಿಮ ಹೆಗಲ ಮೇಲೆ ಬಿದ್ದು ಕರಗದೆ ಹಾಗೇ ಉಳಿದಿತ್ತು, ಅಂದರೆ ಒಳಗಿನ ಶಾಖ ಹೊರಗೆ ಸೋರುತ್ತಿರಲಿಲ್ಲ. ಹೆಣ್ಣು ಜಿಂಕೆಯೊಂದು ಅರುವತ್ತು ಹೆಜ್ಜೆ ದೂರದಲ್ಲಿ ಹಾದುಬಂದಾಗ ತೋಳೆತ್ತಿದೆ. ಬಟ್ಟೆಗೆ ಬಟ್ಟೆ ಉಜ್ಜಿದ ಸದ್ದು ನನಗೇ ಕೇಳಲಿಲ್ಲ. ಕೈ ಸ್ಥಿರವಾಗಿತ್ತು. ಒಂದೇ ಈಡಿಗೆ ಅದು ನಿಂತಲ್ಲೇ ಬಿತ್ತು.

ದಪ್ಪ ಕೋಟು ತೊಡುವವರು ಬಂದೂಕಿನ ಅಳತೆಯನ್ನು ಮರೆಯಬಾರದು. ಹೆಗಲಿಗೂ ಬಂದೂಕಿನ ಹಿಡಿಗೂ ನಡುವೆ ಮೂರು ಪದರ ಬಟ್ಟೆ ಬಂದಾಗ, ಬೇಸಿಗೆಯ ಅಂಗಿಯಲ್ಲಿ ಸರಿಹೊಂದುತ್ತಿದ್ದ ಹಿಡಿ ಉದ್ದವಾದಂತಾಗಿ ಕಣ್ಣು ದೂರಬೀನಿನಿಂದ ಹಿಂದೆ ಸರಿಯುತ್ತದೆ. ಒರಟು ಉಣ್ಣೆಗೆ ಹಿಡಿಯ ರಬ್ಬರು ಸಿಕ್ಕಿಕೊಳ್ಳುವುದೂ ಉಂಟು. ಋತುವಿಗೆ ಮುನ್ನ ಅದೇ ಕೋಟು ತೊಟ್ಟು ಗುರಿ ಅಭ್ಯಾಸ ಮಾಡಿ, ಹಿಡಿಯನ್ನು ಮೊದಲು ಮುಂದಕ್ಕೆ ಚಾಚಿ ಆಮೇಲೆ ಹೆಗಲಿಗೆ ಎಳೆದುಕೊಳ್ಳುವ ರೂಢಿ ಮಾಡಿಕೊಂಡಿದ್ದೇನೆ.

ಬಣ್ಣದ ವಿಚಾರದಲ್ಲಿ ಹಳೆಯ ಕೆಂಪು ಕಪ್ಪು ಚೌಕಳಿಯ ಕೋಟು ಜಿಂಕೆಯನ್ನು ಹೆದರಿಸುವುದಿಲ್ಲ. ಜಿಂಕೆಯ ಕಣ್ಣಿನಲ್ಲಿ ನೀಲಿಗೂ ಹಸಿರಿಗೂ ಸ್ಪಂದಿಸುವ ಎರಡೇ ಬಗೆಯ ಬಣ್ಣದ ಕೋಶಗಳಿರುವುದರಿಂದ ಕೆಂಪು ಅದಕ್ಕೆ ಮಂಕಾಗಿ ಕಾಣುತ್ತದೆ. ಅದಕ್ಕೆ ಎದ್ದು ಕಾಣುವುದು ನೀಲಿಯ ತುದಿಯ ಬೆಳಕು. ಬಟ್ಟೆಗೆ ಬಿಳುಪು ಹೆಚ್ಚಿಸುವ ಸೋಪಿನ ಪುಡಿಗಳಲ್ಲಿರುವ ಹೊಳಪುಕಾರಕಗಳು ಅಂಥ ಬೆಳಕನ್ನೇ ಚೆಲ್ಲುತ್ತವೆ. ಆದ್ದರಿಂದ ಬೇಟೆಯ ಉಣ್ಣೆಗೆ ಆ ಪುಡಿ ತಗುಲಿಸಬಾರದು. ಹಲವು ಕಡೆ ಕಾನೂನು ಕೇಳುವ ಉಜ್ವಲ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿಯನ್ನು ಕೋಟಿನ ಮೇಲೆ ತೊಡಲೇಬೇಕು, ಅದು ಇತರ ಬೇಟೆಗಾರರ ಕಣ್ಣಿಗಾಗಿ. ಸರಪರ ಎನ್ನದ ಮೃದು ಬಟ್ಟೆಯದನ್ನು ಆರಿಸಿಕೊಂಡರೆ ಉಣ್ಣೆಯ ಮೌನ ಉಳಿಯುತ್ತದೆ. ವಾಸನೆಯ ಬಗ್ಗೆ ಮಾತ್ರ ಭ್ರಮೆ ಬೇಡ: ಉಣ್ಣೆ ವಾರಗಟ್ಟಲೆ ನಾರದಿರಬಹುದು, ಆದರೂ ಗಾಳಿ ನನ್ನಿಂದ ಜಿಂಕೆಯತ್ತ ಬೀಸಿದರೆ ಅದಕ್ಕೆ ನಾನು ತಿಳಿದೇ ತಿಳಿಯುತ್ತೇನೆ.

ಉಣ್ಣೆಯ ಪ್ಯಾಂಟಿಗೆ ಬೆಲ್ಟಿನ ಬದಲು ಹೆಗಲಪಟ್ಟಿ ಹಾಕುತ್ತೇನೆ. ಒದ್ದೆಯಾಗಿ ಭಾರವಾದ ಪ್ಯಾಂಟು ಜಾರುವುದಿಲ್ಲ, ಸೊಂಟದ ಸುತ್ತ ಉಳಿಯುವ ಸಡಿಲಿನಿಂದ ಹಬೆಯೂ ಹೊರಗೆ ಹೋಗುತ್ತದೆ. ಕಾಲುಚೀಲ ಎರಡು ಜೊತೆ ತೊಟ್ಟು ಬೂಟು ಬಿಗಿಯಾದರೆ ರಕ್ತ ಓಡದೆ ಪಾದ ಇನ್ನಷ್ಟು ಮರಗಟ್ಟುತ್ತದೆ, ಒಂದೇ ಜೊತೆ ದಪ್ಪದ್ದು ಸಾಕು.

ಕೊರತೆಗಳೂ ಇವೆ. ನನ್ನ ಕೋಟು ಒಣಗಿದ್ದಾಗಲೇ ಎರಡು ಕಿಲೋ ತೂಗುತ್ತದೆ, ಮಳೆ ಕುಡಿದರೆ ಇನ್ನೂ ಹೆಚ್ಚು. ಬಯಲಿನಲ್ಲಿ ಬಿರುಗಾಳಿ ಬೀಸಿದರೆ ಹೆಣಿಗೆಯ ಸ್ವೆಟರ್ ಜರಡಿಯಂತಾಗುತ್ತದೆ. ಮುಳ್ಳುಕಾಯಿಗಳು ಎಲ್ಲೆಲ್ಲಿಂದಲೋ ಬಂದು ಅಂಟಿಕೊಳ್ಳುತ್ತವೆ. ಸೊನ್ನೆಯ ಆಸುಪಾಸಿನ ದಿನಗಳಲ್ಲಿ ಸುರಿಯುವ ಹಸಿಹಿಮದಲ್ಲಿ ದಿನವಿಡೀ ಕೂರುವುದಾದರೆ ನಾನು ಉಣ್ಣೆಯ ಮೇಲೆ ಮಳೆಯ ಹೊದಿಕೆ ಹಾಕಿ, ಅದರ ಸದ್ದನ್ನು ಸಹಿಸಿಕೊಳ್ಳುತ್ತೇನೆ.

ಮೊದಲು ಕೊಂಡ ಸ್ವೆಟರನ್ನು ನಾನು ಬಿಸಿನೀರಿನಲ್ಲಿ ಯಂತ್ರಕ್ಕೆ ಹಾಕಿ, ಮಗುವಿಗೆ ಆಗುವಷ್ಟು ಕುಗ್ಗಿಸಿದೆ. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದರೆ ಎಳೆಗಳ ಹುರುಪೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮತ್ತೆ ಬಿಡುವುದಿಲ್ಲ. ಕೋಟಿನ ಬಟ್ಟೆಯನ್ನು ಗಟ್ಟಿಮಾಡುವ ಗುಣವೇ ಸ್ವೆಟರನ್ನು ಹಾಳುಮಾಡುತ್ತದೆ. ಈಗ ತಣ್ಣೀರಿನಲ್ಲಿ ಕ್ಷಾರವಿಲ್ಲದ ಸೋಪಿನಿಂದ ಅದ್ದಿ ತೆಗೆದು, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ಮಲಗಿಸಿ ಒಣಗಿಸುತ್ತೇನೆ. ಕೋಟನ್ನು ತೊಳೆಯುವುದು ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಬ್ರಷ್ ಮತ್ತು ಗಾಳಿ ಸಾಕು. ಒದ್ದೆಯಾದಾಗ ಬೆಂಕಿಯ ಹತ್ತಿರ ತೂಗುಹಾಕುವುದಿಲ್ಲ, ಕೋಣೆಯ ಗಾಳಿಯಲ್ಲಿ ಎರಡು ದಿನ ಬಿಡುತ್ತೇನೆ.

ಬಟ್ಟೆ ತಿನ್ನುವ ಪತಂಗದ ಮರಿಹುಳುಗಳು ಬೆವರು, ಎಣ್ಣೆ ಹತ್ತಿದ ಉಣ್ಣೆಯನ್ನೇ ಹುಡುಕುತ್ತವೆ. ಆದ್ದರಿಂದ ಋತು ಮುಗಿದ ವಾರದಲ್ಲೇ ಎಲ್ಲವನ್ನೂ ಶುಚಿಮಾಡಿ, ಬಾಯಿ ಮುಚ್ಚಿದ ಚೀಲಗಳಲ್ಲಿ ಹಾಕಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಆಮೇಲೆ ಪೆಟ್ಟಿಗೆಗೆ ಸೇರಿಸುತ್ತೇನೆ. ಈ ಬಾರಿ ಹೊರತೆಗೆದಾಗ ಹುಳು ಮುಟ್ಟಿರಲಿಲ್ಲ. ಕೋಟಿನ ಬಲ ಮೊಣಕೈ ಮಾತ್ರ ಹೊಂಚು ಕೂರುವ ಅಟ್ಟಣೆಯ ಕಟಕಟೆಗೆ ಉಜ್ಜಿ ಉಜ್ಜಿ ಸವೆದಿದೆ, ಕುಗ್ಗಿದ ಆ ಹಳೆಯ ಸ್ವೆಟರಿನಿಂದಲೇ ಒಂದು ತುಂಡು ಕತ್ತರಿಸಿ ಒಳಗಿನಿಂದ ತೇಪೆ ಹಾಕುತ್ತಿದ್ದೇನೆ.