ಫ್ಲ್ಯಾಟಿನಲ್ಲಿ ಅಪ್ಪನ ತಿಥಿ

ಅಪ್ಪ ಹೋದ ಮೊದಲ ವರ್ಷದ ಮಾಸಿಕ, ಆಬ್ದಿಕ ಎಲ್ಲ ಮಠವೊಂದರಲ್ಲಿ ಆಗಿಹೋಗಿತ್ತು. ದುಡ್ಡು ಕಟ್ಟಿದರೆ ಮಡಿ ಅಡುಗೆ, ಹಿರಿಯರ ಹೆಸರಲ್ಲಿ ಕೂತು ಉಣ್ಣುವ ಬ್ರಾಹ್ಮಣಾರ್ಥದವರು, ದರ್ಭೆ, ಎಳ್ಳು ಎಲ್ಲ ಅಲ್ಲೇ ಸಿದ್ಧ. ಎರಡನೇ ವರ್ಷ ಅಮ್ಮ, "ಮನೇಲೇ ಮಾಡೋಣ ಕಣೋ" ಅಂದಳು. ಮನೆ ಅಂದರೆ ಬೆಂಗಳೂರಿನ ಮೂರನೇ ಮಹಡಿಯ ಎರಡು ಕೋಣೆ.

ಮೊದಲ ತಲೆನೋವು ಮಡಿ. ಊರಲ್ಲಾದರೆ ಹಿತ್ತಲ ಬಾವಿ, ಎತ್ತರದ ಗಳು, ಕೋಲಿನಿಂದ ಹರವಿದ ಪಂಚೆ. ಇಲ್ಲಿ ಬಾಲ್ಕನಿಯ ತಂತಿಯ ಮೇಲೆ ಎಲ್ಲರ ಬಟ್ಟೆಯೂ ಇರುತ್ತದೆ. ಹಿಂದಿನ ದಿನ ಒಪ್ಪತ್ತು. ರಾತ್ರಿ ಮತ್ತೆ ಸ್ನಾನ ಮಾಡಿ ಪಂಚೆ ಹಿಂಡಿ, ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಹರವಿ, ಫ್ಯಾನ್ ಹಾಕಿ, ಬಾಗಿಲೆಳೆದುಕೊಂಡು ಹೊರಗೆ ಚಾಪೆ ಮೇಲೆ ಮಲಗಿದೆ. ಬೆಳಿಗ್ಗೆ ನೋಡಿದರೆ ಅಂಚು ಇನ್ನೂ ಹಸಿ. "ಏಳು ಸಲ ಕೊಡವಿ ಉಟ್ಕೋ, ಒಣಗಿದ ಲೆಕ್ಕವೇ" ಅಂದಳು ಅಮ್ಮ. ಅವಳ ಮಾತಿಗೆ ಶಾಸ್ತ್ರದ ಆಧಾರವೂ ಇದೆ ಎಂದು ಆಮೇಲೆ ಗೊತ್ತಾಯಿತು. ಮಡಿಯ ನಿಯಮ ಮಾಡಿದವರಿಗೂ ಮಳೆಗಾಲ ಗೊತ್ತಿತ್ತು.

ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಹೇಗೂ ಇಲ್ಲ. ನಮ್ಮ ಮನೆಯಲ್ಲಿ ಆ ದಿನ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಕೋಸು ಕೂಡ ನಿಷಿದ್ಧ. ಖಾರಕ್ಕೆ ಕಾಳುಮೆಣಸು, ತರಕಾರಿಗೆ ಬಾಳೆಕಾಯಿ, ಹಾಗಲಕಾಯಿ. ಪೋರ್ಚುಗೀಸರು ಬಂದಮೇಲೆ ಈ ನೆಲಕ್ಕೆ ಬಂದದ್ದು ಯಾವುದನ್ನೂ ಈ ಅಡುಗೆಮನೆ ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ! ಬಾಗಿಲಿಗೆ ರಂಗೋಲಿ ಇಲ್ಲ, ಪೂಜೆಗೆ ಗಂಟೆ ಇಲ್ಲ. ವಡೆ, ಅತಿರಸ, ಎಳ್ಳುಂಡೆ ಅಮ್ಮನೇ ಮಾಡಿದಳು. ನಾನು ಎಳ್ಳು ಆರಿಸಿಕೊಟ್ಟೆ, ಅಷ್ಟೆ.

ಶಾಸ್ತ್ರಿಗಳು ಬಂದವರೇ, "ಮೂರು ತಲೆಮಾರಿನ ಹೆಸರು ಬರೆದಿಟ್ಟಿದ್ದೀರಾ?" ಅಂತ ಕೇಳಿದರು. ನನ್ನ ಚೀಟಿಯಲ್ಲಿ ನಾಲ್ಕು ಹೆಸರಿತ್ತು. ಅಪ್ಪ ತಿಥಿ ಮಾಡುವಾಗ ಪ್ರತಿ ವರ್ಷ ಕೊನೆಗೆ ಹೇಳುತ್ತಿದ್ದ, ಅವನ ಮುತ್ತಜ್ಜನ ಹೆಸರು ನನ್ನ ಕಿವಿಯಲ್ಲೇ ಉಳಿದಿತ್ತು. ಅದನ್ನೂ ಸೇರಿಸಿದ್ದೆ. ಶಾಸ್ತ್ರಿಗಳು ಆ ಸಾಲಿನ ಮೇಲೆ ಬೆರಳಿಟ್ಟು, "ಇವರು ಈಗ ಬರಲ್ಲ" ಅಂದರು. ಅಪ್ಪ ವಸು ರೂಪ, ಅಜ್ಜ ರುದ್ರ, ಮುತ್ತಜ್ಜ ಆದಿತ್ಯ. ಅಲ್ಲಿಗೆ ಮುಗಿಯಿತು. ಹೋದವರನ್ನು ಪಿತೃಗಳ ಸಾಲಿಗೆ ಸೇರಿಸುವ ಹನ್ನೆರಡನೇ ದಿನದ ಸಪಿಂಡೀಕರಣದಲ್ಲಿ ಅಪ್ಪನ ಪಿಂಡವನ್ನು ಮೂರು ಭಾಗ ಮಾಡಿ ಹಿರಿಯರ ಮೂರು ಪಿಂಡಗಳಿಗೆ ನಾನೇ ಬೆರೆಸಿದ್ದೆ. ಅಪ್ಪ ಒಳಗೆ ಬಂದಾಗ ಇನ್ನೊಬ್ಬರು ಜಾಗ ಬಿಟ್ಟುಕೊಟ್ಟಿದ್ದರು. ಅವತ್ತು ಅದೆಲ್ಲ ತಲೆಗೆ ಹೋಗಿರಲಿಲ್ಲ.

ಜನಿವಾರದ ವಿಷಯದಲ್ಲಿ ಎರಡು ಸಲ ಬೈಸಿಕೊಂಡೆ. ವಿಶ್ವೇದೇವರೆಂಬ ದೇವತೆಗಳಿಗೆ ಸವ್ಯ, ಅಂದರೆ ಎಡ ಹೆಗಲ ಮೇಲೆ; ಪಿತೃಗಳಿಗೆ ಅಪಸವ್ಯ, ಬಲ ಹೆಗಲ ಮೇಲೆ. ದೇವತೆಗಳಿಗೆ ಸ್ವಾಹಾ, ಪಿತೃಗಳಿಗೆ ಸ್ವಧಾ. ಎಳ್ಳುನೀರು ಬೆರಳ ತುದಿಯಿಂದಲ್ಲ, ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಇಳಿಯಬೇಕು. ಸೋಮನಿಗೂ ಪಿತೃಗಳ ಪಾಲನ್ನು ಒಯ್ಯುವ ಕವ್ಯವಾಹನನಾದ ಅಗ್ನಿಗೂ ಆಹುತಿ ಕೊಡುವಾಗ ಹೊಗೆಗೆ ಎದುರು ಮನೆಯವರು ಬಾಗಿಲು ತೆಗೆದು ಇಣುಕಿದರು. ಅಮ್ಮ ಮಡಿಯಲ್ಲಿದ್ದಳು, ದೂರದಿಂದಲೇ ಕೈಸನ್ನೆ ಮಾಡಿದಳು.

ಬ್ರಾಹ್ಮಣಾರ್ಥದ ಊಟವಾಯಿತು. "ತೃಪ್ತಿಯಾಯಿತೇ" ಎಂದು ಸಂಸ್ಕೃತದಲ್ಲಿ ಕೇಳಿಸಿದರು, ಅವರು ಆಯಿತು ಅಂದರು. ಅಪ್ಪ ಎರಡನೇ ಸಲ ಬಡಿಸಿಕೊಳ್ಳದೆ ಎಂದೂ ಏಳುತ್ತಿರಲಿಲ್ಲ. ಅವರ ಎಲೆಗೆ ಇನ್ನೊಂದು ವಡೆ ಹಾಕಬೇಕಿತ್ತು ಅನ್ನಿಸಿತು.

ಆಮೇಲೆ ಪಿಂಡ. ದಕ್ಷಿಣಕ್ಕೆ ತುದಿ ಮಾಡಿ ಹಾಸಿದ ದರ್ಭೆಯ ಮೇಲೆ ಮೂರನ್ನೂ ಇಟ್ಟೆ. ತುಪ್ಪ, ಎಳ್ಳು ಬೆರೆತ ಅನ್ನ ಅಂಗೈಗೆಲ್ಲ ಮೆತ್ತಿಕೊಂಡಿತ್ತು. ಕೈ ತೊಳೆಯಲು ಪಂಚಪಾತ್ರೆಗೆ ಕೈ ಹಾಕಿದೆ.

"ತೊಳೀಬೇಡಿ! ಆ ಅನ್ನ ಅವರದು" ಅಂದರು ಶಾಸ್ತ್ರಿಗಳು. "ಮುತ್ತಜ್ಜನಿಂದಾಚೆಗಿನ ಮೂರು ತಲೆಮಾರು ಲೇಪಭಾಗಿಗಳು. ಅವರಿಗೆ ಪಿಂಡ ಇಲ್ಲ, ಹೆಸರು ಹೇಳೋದೂ ಇಲ್ಲ. ಕೈಗೆ ಅಂಟಿದ್ದಷ್ಟೇ ಅವರ ಪಾಲು. ದರ್ಭೆಯ ಬುಡಕ್ಕೆ ಒರೆಸಿ."

ನಿಧಾನಕ್ಕೆ ಒರೆಸಿದೆ. ಚೀಟಿಯ ನಾಲ್ಕನೇ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಹೇಳಬಾರದಿತ್ತೋ ಏನೋ, ಶಾಸ್ತ್ರಿಗಳನ್ನು ಕೇಳಲಿಲ್ಲ.

ನಮ್ಮ ಊಟ ಮುಗಿಯುವಾಗ ಮೂರೂವರೆ. ಅಮ್ಮ ಹೋಗಿ ಬಾಗಿಲಿಗೆ ರಂಗೋಲಿ ಎಳೆದಳು.