ದುಬೈಯಲ್ಲಿ ಬೆಡ್ ಸ್ಪೇಸ್ ಹಿಡಿಯುವ ಮುಂಚೆ ಈ ಕಾಗದ ಕೇಳಿ

ಬಜ್ಪೆಯಿಂದ ದುಬೈ ವಿಮಾನ ಹತ್ತುವ ನಮ್ಮ ಕಡೆಯ ಹುಡುಗರು ಮೊದಲು ಇಳಿಯುವುದು ಹೆಚ್ಚಾಗಿ ಯಾರದೋ ಫ್ಲ್ಯಾಟಿನ ಬೆಡ್ ಸ್ಪೇಸ್‌ಗೆ, ಅಂದರೆ ಹಲವರಿರುವ ರೂಮಿನಲ್ಲಿ ಬಾಡಿಗೆಗೆ ಸಿಗುವ ಒಂದು ಮಂಚಕ್ಕೆ. 'ಊರಿನವರೇ ಅಲ್ವಾ' ಅಂತ ಕಾಗದ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಒಂದು ಶುಕ್ರವಾರ ವಾಚ್‌ಮನ್ ಬಾಗಿಲು ಬಡಿದಾಗ ಕುಚಲಕ್ಕಿ ಗಂಜಿ ಇನ್ನೂ ಒಲೆ ಮೇಲಿತ್ತು. ಸಂಜೆಯೊಳಗೆ ಆರೂ ಜನ ಸೂಟ್‌ಕೇಸ್ ಸಮೇತ ಲಿಫ್ಟ್ ಎದುರು!

ಅಲ್ಲಿನ 2007ರ 26ನೇ ಕಾನೂನಿನ ಪ್ರಕಾರ, ಬಾಡಿಗೆಗೆ ಇರುವವರು ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಕೊಟ್ಟರೆ, ಅವಧಿ ಮುಗಿಯುವ ಮೊದಲೇ ಇಬ್ಬರನ್ನೂ ಖಾಲಿ ಮಾಡಿಸಿ ಎಂದು ಮಾಲೀಕರು ಕೇಳಬಹುದು. ನಿಮಗಾದ ನಷ್ಟವನ್ನು ಜಾಗ ಕೊಟ್ಟವರ ಹತ್ತಿರ ಕೇಳುವ ಹಕ್ಕು ನಿಮಗಿದೆ. ಆದರೆ ಕೈಯಲ್ಲಿ ರಸೀದಿ ಇಲ್ಲದೆ ಏನಂತ ಕೇಳುತ್ತೀರಿ?

ಹಾಗಾಗಿ ಬ್ಯಾಗ್ ಇಡುವ ಮುಂಚೆ ಎಜಾರಿ ತೋರಿಸಿ ಅನ್ನಿ. ಬಾಡಿಗೆ ಕರಾರು ಸರ್ಕಾರದಲ್ಲಿ ನೋಂದಣಿಯಾದ ಸರ್ಟಿಫಿಕೇಟ್ ಅದು. ಅದರಲ್ಲಿರುವ ಹೆಸರು ನಿಮ್ಮಿಂದ ದುಡ್ಡು ತಗೊಳ್ಳುವವರದ್ದೇನಾ, ಅವರ ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ಜೊತೆ ಹೋಲಿಸಿ. ಮುಗಿಯುವ ತಾರೀಕನ್ನೂ ನೋಡಿ. ಆಮೇಲೆ ಮಾಲೀಕರ ಸಹಿ ಇರುವ ಒಪ್ಪಿಗೆ ಪತ್ರ. 'ಅವರಿಗೆ ಗೊತ್ತುಂಟು ಮಾರಾಯ' ಅನ್ನುವ ಮಾತು ಪತ್ರವಲ್ಲ.

ಅಲ್ಲಿನ ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪ್‌ನಲ್ಲಿ ನಿಮ್ಮ ಹೆಸರನ್ನು ಜೊತೆಗಿರುವವರು ಅಂತ ಸೇರಿಸಲು ಹೇಳಿ. ಸುಮ್ನೆ ನಾಳೆ, ನಾಡಿದ್ದು ಅಂದರೆ ಬೇರೆ ರೂಮ್ ಹುಡುಕಿ. ಡಿಪಾಸಿಟ್ ಬ್ಯಾಂಕ್ ಮೂಲಕವೇ ಕಳಿಸಿ.

ಪ್ಲೈವುಡ್ ಪಾರ್ಟಿಷನ್ ಹೊಡೆದ ರೂಮ್ ಎಷ್ಟೇ ಅಗ್ಗವಾದರೂ ಬೇಡ. 2025ರಲ್ಲಿ ರಿಗ್ಗಾ, ಬರ್ಷಾ ಕಡೆ ಮುನಿಸಿಪಾಲಿಟಿಯವರು ತಪಾಸಣೆ ಜೋರು ಮಾಡಿದ್ದಾರೆ.